ಹಳೆ ಮಿರರ್ ಲೆನ್ಸ್‌ಗೂ ಹಕ್ಕಿ ಸಿಗುತ್ತದೆ

ಸಂಪಾದಕರೇ,

ಹಕ್ಕಿ ಫೋಟೊ ತೆಗೆಯಲು ಲಕ್ಷಗಟ್ಟಲೆ ಬೆಲೆಯ ಲೆನ್ಸೇ ಬೇಕು ಅಂತ ಎಷ್ಟೋ ಹುಡುಗರು ಸುಮ್ನೆ ಆಸೆ ಬಿಡುತ್ತಾರೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಕಡಿಮೆ ದುಡ್ಡಿಗೆ ಸಿಗುವ, ದೂರದ್ದನ್ನು ಹತ್ತಿರ ತೋರಿಸುವ 500 ಎಂಎಂ ಮಿರರ್ ಲೆನ್ಸ್ ಬಗ್ಗೆ ನಿಮ್ಮ ಕ್ಯಾಮೆರಾ ಅಂಕಣದಲ್ಲಿ ಒಮ್ಮೆ ಬರೆಯಿರಿ. ಅದರೊಳಗೆ ಹಿಂದಿನ ದೊಡ್ಡ ಕನ್ನಡಿಗೆ ಬಿದ್ದ ಬೆಳಕು ಮುಂದಿನ ಪುಟ್ಟ ಕನ್ನಡಿಗೆ ಹೋಗಿ, ಅಲ್ಲಿಂದ ವಾಪಸ್ ತಿರುಗಿ ಕ್ಯಾಮೆರಾ ಸೇರುತ್ತದೆ, ಹಾಗಾಗಿ ಲೆನ್ಸ್ ಮೋಟು, ತೂಕವೂ ಕಮ್ಮಿ. ಕುತ್ತಿಗೆಗೆ ಹಾಕಿಕೊಂಡು ದಿನವಿಡೀ ಓಡಾಡಬಹುದು.

ಕಷ್ಟ ಇಲ್ಲ ಅಂತಲ್ಲ. ಸಾಮಾನ್ಯವಾಗಿ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿಯ ಅಳತೆ, ಎಫ್/8 ಬಿಟ್ಟು ಅಲುಗುವುದಿಲ್ಲ. ಹಾಗಾಗಿ ಮೋಡ ಕವಿದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಲೇಬೇಕು. ಹೆಚ್ಚಿನವುಗಳಲ್ಲಿ ಫೋಕಸ್ ಕೈಯಲ್ಲೇ ತಿರುಗಿಸಬೇಕು, ಹಾರುವ ಹಕ್ಕಿಗೆ ಇದು ಆಗದ ಮಾತು, ಕೂತ ಹಕ್ಕಿಗೆ ಅಡ್ಡಿಯಿಲ್ಲ. ರಂಗನತಿಟ್ಟಿನ ಬಂಡೆ ಮೇಲೆ ಕೂತ ಬಣ್ಣದ ಕೊಕ್ಕರೆಯನ್ನು ತೆಗೆದಾಗ ಹಿಂದಿನ ನೀರಿನ ಒಂದೊಂದು ಮಿನುಗೂ ಉದ್ದಿನವಡೆಯಂತೆ ನಡುವೆ ತೂತಿನ ಉಂಗುರವಾಗಿ ಬಂತು. ಕೆಲವರಿಗೆ ಅದು ಹಿಡಿಸುವುದಿಲ್ಲ, ನನಗಂತೂ ತುಂಬಾ ಇಷ್ಟ.

ಕೊಳ್ಳುವ ಮುಂಚೆ ಮಾತ್ರ ಟಾರ್ಚ್ ಬಿಟ್ಟು ಒಳಗೆ ನೋಡಿ. ನಾನು ಮೊದಲು ತಂದಿದ್ದರಲ್ಲಿ ಜೇಡರ ಬಲೆಯಂಥ ಬೂಷ್ಟು ಹಬ್ಬಿತ್ತು, ಮನೆಗೆ ಬಂದ ಮೇಲೆ ಕಂಡಿತು. ಮಳೆ ಜಾಸ್ತಿ ಇರುವ ಊರಿನವರು ಲೆನ್ಸ್ ಇಡುವ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಡಿ.

— ಒಬ್ಬ ಓದುಗ, ಮೈಸೂರು