ಕಾಲು ಹಗುರಾದ ದಿನವೇ ಹುಷಾರು

ಪ್ರೀತಿಯ ಪುಟ್ಟಿಗೆ, ಮಾವನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ "ಮಾವ, ಇದು ಹೋಗುತ್ತೋ ಇಲ್ವೋ, ಅಷ್ಟು ಹೇಳಿ" ಅಂದೆ. ನನಗೆ ಬಾಯೇ ಬರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಕೂತಲ್ಲ, ಅರ್ಧ ಕಾಗದ ಅಡುಗೆಮನೆ ಕಟ್ಟೆಯ ಹತ್ತಿರ ನಿಂತು ಬರೆದದ್ದು.

ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗಿಳಿಯುವ ಈ ನರದ ನೋವು, ಸುಮಾರು ಜನಕ್ಕೆ ಎರಡು ಮೂರು ತಿಂಗಳಲ್ಲಿ ಇಳಿದುಬಿಡುತ್ತದೆ. ನಿನ್ನದು ವರ್ಷ ದಾಟಿತು. ನನ್ನದು 17 ವರ್ಷ. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಬಸ್ಸು ಓಡಿಸಿದವನು ನಾನು. ತಿರುವಿಗೊಂದು ಕ್ಲಚ್ಚು, ಗುಂಡಿಗೊಂದು ಕುಲುಕು. ಒಂದು ದಿನ ಗುಂಡ್ಯದಲ್ಲಿ ಟೀ ಕುಡಿಯಲು ಇಳಿದೆ, ಎಡ ಸೊಂಟದಿಂದ ಹಿಮ್ಮಡಿವರೆಗೆ ಕರೆಂಟು ಹೊಡೆದ ಹಾಗಾಯ್ತು. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅದೇ ಡಿಸ್ಕು, ಜಾರಿ ನರದ ಬೇರನ್ನು ಒತ್ತುತ್ತಿದೆ ಅಂತ ಆಮೇಲೆ ಗೊತ್ತಾಯ್ತು. ಅಷ್ಟರಲ್ಲಿ ಊರವರ ಮಾತು ಕೇಳಿ, ಕಾಲು ಮುಂದಾಗಿ ಹುಟ್ಟಿದವರೊಬ್ಬರಿಂದ ಸೊಂಟಕ್ಕೆ ಒದೆಸಿಕೊಂಡಿದ್ದೂ ಆಗಿತ್ತು. ಆಮೇಲಿನ ಎಂಟು ದಿನ ಶತ್ರುವಿಗೂ ಬೇಡ.

ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಅಂತಾರೆ. ಗೃಧ್ರ ಅಂದರೆ ರಣಹದ್ದು. ರೋಗಿಯ ನಡಿಗೆ ಹದ್ದಿನ ಹಾಗಂತೆ. ಇದು ನಿಮ್ಮತ್ತೆಗೆ ಗೊತ್ತಾದ ಮೇಲೆ, ನಾನು ಬಚ್ಚಲಿಗೆ ಹೊರಟರೂ "ಹದ್ದು ಹೊರಟಿತು" ಅಂತಾಳೆ.

ನಿನಗೆ ಹೇಳಬೇಕಾದದ್ದು ಇದು. ನೋವು ಜಾಸ್ತಿ ಇದ್ದ ದಿನ ನಾವು ಹೇಗೂ ಜೋಪಾನವಾಗಿರುತ್ತೇವೆ. ಕೆಡಿಸಿಕೊಳ್ಳುವುದು ಚೆನ್ನಾಗಿರುವ ದಿನ. ಹೋದ ಗೌರಿ ಹಬ್ಬದ ಹಿಂದಿನ ದಿನ ಎದ್ದರೆ ಕಾಲು ಹಗುರ, ಯಾರದೋ ಕಾಲು ಜೋಡಿಸಿದ ಹಾಗೆ. ಖುಷಿಗೆ ಅಟ್ಟ ಗುಡಿಸಿದೆ, ಎರಡು ಮೂಟೆ ಭತ್ತ ಸರಿಸಿದೆ. ಸಂಜೆ ಬಗ್ಗಿ ಚಪ್ಪಲಿ ಎತ್ತಲು ಹೋದೆ ನೋಡು, ಅಷ್ಟೇ. ಹಬ್ಬದ ದಿನ ಎಲ್ಲರೂ ಕಡುಬು ತಿನ್ನುವಾಗ ನಾನು ನಡುಮನೆಯಲ್ಲಿ ಅಂಗಾತ ಮಲಗಿ, ಮೀನಖಂಡ ಕುರ್ಚಿಯ ಮೇಲಿಟ್ಟು, ತೊಲೆ ಎಣಿಸುತ್ತಿದ್ದೆ. ಆರು ತೊಲೆ.

ಈಗ ಎಷ್ಟೇ ಚೆನ್ನಾಗಿರಲಿ, ನಡಿಗೆ ಕೆರೆ ಏರಿಯ ತನಕ ಮಾತ್ರ. ಎಷ್ಟೇ ಕೆಟ್ಟಿರಲಿ, ಗೇಟಿನ ತನಕವಾದರೂ ಹೋಗಿ ಬರುತ್ತೇನೆ. ಮಲಗಿಯೇ ಇದ್ದರೆ ಸೊಂಟ ಇನ್ನೂ ಬಿಗಿಯುತ್ತದೆ. ನೀನೂ ಆಫೀಸಿನಲ್ಲಿ ಅರ್ಧ ಗಂಟೆಗೊಮ್ಮೆ ಏಳು. ಬೆಳಿಗ್ಗೆ ನೆಟ್ಟಗೆ ಎದ್ದು ಕೂರಬೇಡ, ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳು. ಮಗ್ಗುಲಲ್ಲಿ ಮಲಗಿದರೆ ಮಂಡಿಗಳ ನಡುವೆ ದಿಂಬಿರಲಿ. ನೋವಿನ ಮಾತ್ರೆ ಡಾಕ್ಟರಿಗೆ ಹೇಳದೆ ತಿಂಗಳುಗಟ್ಟಲೆ ನುಂಗಬೇಡ, ಹೊಟ್ಟೆ, ಕಿಡ್ನಿ ಎರಡೂ ಕೆಡುತ್ತವೆ. ಆ ಎಂಆರ್‌ಐ ರಿಪೋರ್ಟನ್ನು ದಿನಾ ತೆಗೆದು ಓದುವುದನ್ನೂ ಬಿಡು. ನೋವೇ ಇಲ್ಲದ ಎಷ್ಟೋ ಜನರ ಡಿಸ್ಕೂ ಸ್ಕ್ಯಾನಿನಲ್ಲಿ ಉಬ್ಬಿ ಕಾಣುತ್ತದೆ.

ಒಂದು ಮಾತ್ರ ತಮಾಷೆಯಲ್ಲ. ಒಂದಕ್ಕೆ, ಎರಡಕ್ಕೆ ಹಿಡಿತ ತಪ್ಪಿದರೆ, ಕೂರುವ ಜಾಗ ಜೋಮು ಹಿಡಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರತೊಡಗಿದರೆ ತಕ್ಷಣ ಆಸ್ಪತ್ರೆಗೆ ಹೋಗು. ಬೆಳಗಾಗಲಿ ಅಂತ ಕಾಯಬೇಡ.

"ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಅಂತ ನಿಮ್ಮನೆಯಲ್ಲಿ ಅಂದದ್ದಕ್ಕೆ ನೀನು ಅತ್ತುಬಿಟ್ಟೆಯಂತೆ. ನೋವು ಕಾಣುವುದಿಲ್ಲ ಪುಟ್ಟಿ, ಬಾಯಿಬಿಟ್ಟು ಹೇಳಬೇಕು. ನಾನು ಹೇಳದೆ ಆರು ವರ್ಷ ಸುಮ್ನೆ ಎಲ್ಲರ ಮೇಲೆ ರೇಗಾಡಿದೆ. ನಿಮ್ಮಮ್ಮನನ್ನೇ ಕೇಳು.

ಹೋಗುತ್ತೋ ಇಲ್ವೋ ನನಗೂ ಗೊತ್ತಿಲ್ಲ. ನನ್ನದು ಹೋಗಲಿಲ್ಲ, ಸಣ್ಣದಾಯ್ತು. ಎಷ್ಟೋ ದಿನ ಮಧ್ಯಾಹ್ನದವರೆಗೆ ಅದರ ನೆನಪೇ ಇರುವುದಿಲ್ಲ.

ಹಬ್ಬಕ್ಕೆ ಬರುವಾಗ ಬಸ್ಸು ಹತ್ತಬೇಡ, ಡ್ರೈವರನೇ ಹೇಳುತ್ತಿದ್ದೇನೆ. ರೈಲಾದರೆ ಎದ್ದು ಓಡಾಡಬಹುದು. ಹಾಸನ ಸ್ಟೇಷನ್ನಿಗೆ ನಾನು ಬರುತ್ತೇನೆ. ಬ್ಯಾಗು ಎತ್ತಲು ಆಟೋದವನಿಗೆ ಹೇಳಿದ್ದೇನೆ.

ಇಂತಿ ನಿನ್ನ ಮಾವ