ಚುನಾವಣೆ ಸಮಯದಲ್ಲಿ ಶುಭಕಾರ್ಯ ಇಟ್ಟುಕೊಂಡವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನೀತಿಸಂಹಿತೆ ಜಾರಿಯಾದರೂ ಮದುವೆ, ಗೃಹಪ್ರವೇಶ, ನಾಮಕರಣಕ್ಕೆ ಅಡ್ಡಿಯಿಲ್ಲ. ತೊಂದರೆಯಾಗುವುದು ಹಣ ಸಾಗಿಸುವಾಗ. ₹50,000ಕ್ಕಿಂತ ಹೆಚ್ಚು ನಗದು ಒಯ್ಯುವವರು ಬ್ಯಾಂಕಿನಿಂದ ಹಣ ತೆಗೆದ ದಾಖಲೆ, ಲಗ್ನಪತ್ರಿಕೆ, ಛತ್ರದ ರಸೀದಿ ಮೂರನ್ನೂ ಜೊತೆಗಿಟ್ಟುಕೊಳ್ಳಿ. ಹೊಸ ಒಡವೆಯಿದ್ದರೆ ಅದರ ಬಿಲ್ಲೂ ಇರಲಿ. ಪತ್ರಿಕೆಯೊಂದೇ ತೋರಿಸಿದರೆ ಸಾಲದು, ಹಣ ಎಲ್ಲಿಂದ ಬಂತು ಎಂದೇ ಚೆಕ್‌ಪೋಸ್ಟಿನಲ್ಲಿ ಮೊದಲು ಕೇಳುತ್ತಾರೆ. ಹಣ ಜಪ್ತಿಯಾದರೆ ವಾದಕ್ಕಿಳಿಯದೆ ರಸೀದಿ ಪಡೆಯಿರಿ. ಇಂಥ ಹಣ ಬಿಡಿಸಿಕೊಡಲು ಜಿಲ್ಲಾ ಮಟ್ಟದಲ್ಲಿ ಸಮಿತಿ ಇರುತ್ತದೆ, ದಾಖಲೆಗಳೊಂದಿಗೆ ಅಲ್ಲಿಗೆ ಹೋಗಿ.

ಅಭ್ಯರ್ಥಿಗಳು ಬಂದು ಅಕ್ಷತೆ ಹಾಕಿ ಹರಸಲಿ, ಊಟ ಮಾಡಿ ಹೋಗಲಿ. ಕೈಗೆ ಮೈಕ್ ಮಾತ್ರ ಕೊಡಬೇಡಿ. ಅಲ್ಲಿ ಮತ ಕೇಳಿದರೆ ನಿಮ್ಮ ಸಮಾರಂಭವೇ ಪ್ರಚಾರ ಸಭೆ ಎನಿಸಿಕೊಳ್ಳುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ.

ಮತದಾನದ ದಿನವೇ ಕಾರ್ಯವಿದ್ದರೆ ಮನೆಯವರು ಬೆಳಿಗ್ಗೆಯೇ ಮತಗಟ್ಟೆಗೆ ಹೋಗಿ ಬನ್ನಿ. ಗುರುತಿನ ಚೀಟಿ ಇದ್ದ ಮಾತ್ರಕ್ಕೆ ಆಗಲಿಲ್ಲ, ಪಟ್ಟಿಯಲ್ಲಿ ಹೆಸರಿರಬೇಕು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಹೆಸರು ಹಳೆಯ ವಿಳಾಸದಲ್ಲೇ ಉಳಿದಿರುವುದು ಹೆಚ್ಚು. ಅದಕ್ಕೆ ವಿಳಾಸ ಬದಲಾವಣೆಯ ಅರ್ಜಿಯಾದ ನಮೂನೆ 8 ತುಂಬಬೇಕು, ಅದೂ ಮೊದಲೇ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಪಟ್ಟಿ ಬದಲಾಗುವುದಿಲ್ಲ. ಅನುಮಾನವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.

ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಈ ಗುಂಪಿನಲ್ಲಿ ಯಾವ ಪಕ್ಷದ ಪ್ರಚಾರವನ್ನೂ ಹಾಕಬೇಡಿ. ಆಮಂತ್ರಣ ಪತ್ರಿಕೆಗಳನ್ನು ಧಾರಾಳವಾಗಿ ಹಾಕಿ.