ಈಜುಕೊಳ ಬೇಸಿಗೆಗಷ್ಟೇ ಸಾಕೇ?

ಮಾನ್ಯರೇ,

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಈಜುಗಾರ್ತಿ ಧಿನಿಧಿ ದೇಸಿಂಗುಗೆ ಆಗ ಬರೀ 14 ವರ್ಷ. ಇನ್ನೂ ಶಾಲೆಗೆ ಹೋಗುವ ಹುಡುಗಿ. 2000ರಲ್ಲಿ ಸಿಡ್ನಿಗೆ ಹೋದ ನಿಶಾ ಮಿಲ್ಲೆಟ್, ಟೋಕಿಯೊದಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ (ಅಂಗಾತ ಈಜು) ಈಜಿದ ಶ್ರೀಹರಿ ನಟರಾಜ್, ಎಲ್ಲರೂ ಬೆಂಗಳೂರಿನವರೇ. ನಮ್ಮ ಕಲಬುರಗಿ ಕಡೆಯವರಿಗೆ ಈಜು ಬರಲ್ಲ ಅಂತಲ್ಲ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಹೊಲದ ಬಾವಿಗೆ ಜಿಗಿದು ಕಲಿತವರು ನಾವು.

ನನ್ನ ಮಗಳು ಎಂಟನೇ ತರಗತಿ. ಕಳೆದ ವರ್ಷ ಶಾಲಾ ಕ್ರೀಡಾಕೂಟದಲ್ಲಿ ಅಂಗಾತ ಈಜುತ್ತಾ ಬಂದು ತಲೆಯನ್ನು ಗೋಡೆಗೆ ಹೊಡೆದುಕೊಂಡಳು. ಗೋಡೆ ಇನ್ನು 5 ಮೀಟರ್ ದೂರ ಇದೆ ಎನ್ನುವಾಗ ಮೇಲೆ ಸಣ್ಣ ಬಾವುಟಗಳ ಸಾಲು ಕಟ್ಟಿರುತ್ತಾರೆ. ಅದು ಕಂಡ ಕೂಡಲೇ ಕೈ ಬೀಸುವುದನ್ನು ಎಣಿಸಿ ತಿರುಗಬೇಕು. ಆ ಬಾವುಟ ಅವಳು ನೋಡಿದ್ದೇ ಅವತ್ತು. ಅವಳು ಕಲಿಯುವ ಕೊಳದಲ್ಲಿ ಅದಿಲ್ಲ. ಬೇಸಿಗೆ ರಜೆ ಮುಗಿದರೆ ಕೊಳಕ್ಕೂ ಬೀಗ.

ಶ್ರೀಹರಿ 2021ರಲ್ಲಿ ರೋಮ್‌ನಲ್ಲಿ 53.77 ಸೆಕೆಂಡಿನಲ್ಲಿ ಗುರಿ ಮುಟ್ಟಿ ಒಲಿಂಪಿಕ್ಸ್‌ಗೆ ಅರ್ಹರಾದರು. ಬೇಕಿದ್ದುದು 53.85. ಸೆಕೆಂಡಿನ ನೂರು ಪಾಲಿನಲ್ಲಿ ಎಂಟೇ ಪಾಲು! ಅಷ್ಟನ್ನು ಗಳಿಸಲು ವರ್ಷವಿಡೀ ನೀರಲ್ಲಿರಬೇಕು. ಎರಡು ತಿಂಗಳ ಶಿಬಿರದಿಂದ ಆಗುವ ಕೆಲಸವಲ್ಲ, ಅಲ್ವಾ?

ನೀರು, ಕ್ಲೋರಿನ್ ಖರ್ಚು ಜಾಸ್ತಿ ಅನ್ನುತ್ತಾರೆ. ಒಪ್ಪುತ್ತೇನೆ. ದಿನಾ ಬೆಳಿಗ್ಗೆ ಎರಡೇ ತಾಸು ತೆರೆಯಲಿ. ಒಬ್ಬ ಕಾಯಂ ತರಬೇತುದಾರರನ್ನು ಕೊಡಲಿ. ಆ ಬಾವುಟಗಳನ್ನಾದರೂ ಈ ವಾರವೇ ಕಟ್ಟಲಿ. ಮುಂದಿನ ಕೂಟಕ್ಕೆ ಮೂರೇ ತಿಂಗಳು ಉಳಿದಿದೆ.

– ಒಬ್ಬ ತಂದೆ, ಕಲಬುರಗಿ